ಎದೆನೋವಿಗೆ ಸಿಕ್ಕ ವಿಮೆ

ಹೋದ ವರ್ಷ ಜುಲೈನ ಒಂದು ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಎದ್ದು ಕೂತೆ. ಕೈ ಬೆವರುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಹೆಂಡತಿ ಪಕ್ಕದ ಫ್ಲಾಟಿನವರನ್ನು ಎಬ್ಬಿಸಿ, ಪುಣೆಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದಳು. ಎರಡು ದಿನ ಐಸಿಯುನಲ್ಲಿದ್ದೆ. ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲವೂ ನಾರ್ಮಲ್. ಬಿಲ್ಲು 62,000 ರೂಪಾಯಿ. ಕಂಪನಿಯ ಗ್ರೂಪ್ ಪಾಲಿಸಿ ಇದ್ದುದರಿಂದ ಹೆಚ್ಚುಕಡಿಮೆ ಎಲ್ಲವೂ ಕ್ಯಾಶ್‌ಲೆಸ್ ಆಯಿತು.

ಡಿಸ್ಚಾರ್ಜ್ ದಿನ ಹೃದಯದ ಡಾಕ್ಟರು, "ನಿಮ್ಮ ಹಾರ್ಟ್ ಚೆನ್ನಾಗಿದೆ. ಇದು ಪ್ಯಾನಿಕ್ ಅಟ್ಯಾಕ್. ಮನೋವೈದ್ಯರನ್ನು ನೋಡಿ" ಅಂದರು. ಸಂಜೆ ಧಾರವಾಡದಿಂದ ಅವ್ವ ಫೋನ್ ಮಾಡಿ, "ಡಾಕ್ಟರ್ ಏನಂದ್ರೋ?" ಎಂದು ಕೇಳಿದಳು. "ಗ್ಯಾಸ್ ಅಂತವ್ವಾ" ಎಂದುಬಿಟ್ಟೆ.

ಮನೋವೈದ್ಯರು ಸ್ವಲ್ಪ ದಿನದ ಮಾತ್ರೆಯ ಜೊತೆಗೆ ಥೆರಪಿಯನ್ನೂ ಬರೆದುಕೊಟ್ಟರು. ಕನ್ನಡ ಬಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕೆಂದು ಹುಡುಕಿ, ಬೆಂಗಳೂರಿನವರೊಬ್ಬರ ಜೊತೆ ವಿಡಿಯೋ ಕಾಲ್‌ನಲ್ಲಿ ಶುರು ಮಾಡಿದೆ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್, ಸೊಸೈಟಿಯಲ್ಲಿ ಹಿಂದಿ, ಮರಾಠಿ. ಆದರೆ "ಜೀವ ಹಾರಿದಂಗ ಆಗ್ತದ" ಅನ್ನುವುದನ್ನು ನಾನು ಬೇರೆ ಯಾವ ಭಾಷೆಯಲ್ಲೂ ಹೇಳಲಾರೆ. ಒಂದು ಸೆಷನ್‌ಗೆ 1,500 ರೂಪಾಯಿ. ಹತ್ತು ಸೆಷನ್ ಮುಗಿಯುವ ಹೊತ್ತಿಗೆ ರಾತ್ರಿ ನಿದ್ದೆ ಬರತೊಡಗಿತ್ತು.

15,000 ರೂಪಾಯಿಯ ರಸೀದಿಗಳನ್ನು ಕ್ಲೇಮ್‌ಗೆ ಹಾಕಲು ಒಂದು ತಿಂಗಳು ಹಿಂಜರಿದೆ. ಫಾರ್ಮಿನಲ್ಲಿ ಕಾಯಿಲೆಯ ಹೆಸರು ಬರೆಯಬೇಕಿತ್ತು. ಎಚ್‌ಆರ್‌ಗೆ ಗೊತ್ತಾದರೆ? ಅಪ್ರೈಸಲ್ ಹೊತ್ತಿನಲ್ಲಿ ಮ್ಯಾನೇಜರ್ ಕಿವಿಗೆ ಬಿದ್ದರೆ? ಕೊನೆಗೆ ಧೈರ್ಯ ಮಾಡಿ ಕಳಿಸಿದೆ. ನಾಲ್ಕೇ ದಿನದಲ್ಲಿ ತಿರಸ್ಕೃತವಾಗಿ ಬಂತು. ಹೊರರೋಗಿ ಚಿಕಿತ್ಸೆಗೆ, ಅಂದರೆ ಒಪಿಡಿಗೆ, ಈ ಪಾಲಿಸಿಯಲ್ಲಿ ಅವಕಾಶವಿಲ್ಲವಂತೆ.

ಸಿಟ್ಟಿನಲ್ಲಿ ಕಾನೂನು ತೆಗೆದು ಓದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ನಿನ ಪ್ರಕಾರ, ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಇದೆಯೋ ಅದೇ ಆಧಾರದಲ್ಲಿ ಮನಸ್ಸಿನ ಕಾಯಿಲೆಗೂ ಇರಬೇಕು. ಅದನ್ನೇ ಬರೆದು ಮೇಲ್ಮನವಿ ಹಾಕಿದೆ. ಉತ್ತರ ಚುಟುಕಾಗಿತ್ತು: ಈ ಪಾಲಿಸಿಯಲ್ಲಿ ದೇಹದ ಕಾಯಿಲೆಯ ಒಪಿಡಿ ಖರ್ಚಿಗೂ ಹಣ ಕೊಡುವುದಿಲ್ಲ, ಆದ್ದರಿಂದ ಭೇದವಿಲ್ಲ.

ಲೆಕ್ಕ ಸರಿಯೇ. ಆದರೆ ನನ್ನಂಥವರ ಚಿಕಿತ್ಸೆ ನಡೆಯುವುದು ಆಸ್ಪತ್ರೆಯ ಹಾಸಿಗೆಯ ಮೇಲಲ್ಲ, ವಾರಕ್ಕೊಮ್ಮೆ ಕುರ್ಚಿಯ ಮೇಲೆ. ಏನೂ ಇಲ್ಲವೆಂದು ತಿಳಿಯುವುದಕ್ಕೆ 62,000 ಕೊಟ್ಟ ಪಾಲಿಸಿ, ಗುಣವಾಗುವುದಕ್ಕೆ 15,000 ಕೊಡಲಿಲ್ಲ.

ಈ ಸಲ ರಿನ್ಯೂವಲ್‌ಗೆ ಮುಂಚೆ ಎಚ್‌ಆರ್‌ನವರನ್ನು ನಾನೇ ಹೋಗಿ ಕೇಳಿದೆ. ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದರೆ ಒಪಿಡಿ ಸೇರಿಸಬಹುದಿತ್ತು. ಮನೋವೈದ್ಯರ ಚೀಟಿ ಮತ್ತು ಸೈಕಾಲಜಿಸ್ಟ್‌ರ ಆರ್‌ಸಿಐ ನೋಂದಣಿ ಸಂಖ್ಯೆ ಇರುವ ರಸೀದಿ ಬೇಕು, ವರ್ಷಕ್ಕೊಂದು ಮಿತಿಯೂ ಇದೆ. ಕಂಪನಿಯ ವತಿಯಿಂದ ಆರು ಉಚಿತ ಕೌನ್ಸೆಲಿಂಗ್ ಸೆಷನ್‌ಗಳು ಮೊದಲಿನಿಂದಲೂ ಇದ್ದವಂತೆ! ಹೆದರಿ ಕೇಳದೇ ಇದ್ದವನು ನಾನು. ನೀವಾದರೂ ನಿಮ್ಮ ಪಾಲಿಸಿಯಲ್ಲಿ ಒಪಿಡಿ ಇದೆಯೇ, ಅದರಲ್ಲಿ ಥೆರಪಿ ಸೇರಿದೆಯೇ ಎಂದು ಈಗಲೇ ಕೇಳಿಕೊಳ್ಳಿ. ವಿಮೆಯೇ ಇಲ್ಲದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ನಿಜ ಹೇಳಿದೆ. ಹುಚ್ಚರ ಡಾಕ್ಟರ ಹತ್ತಿರ ಹೋದೆಯಾ ಅಂತಾಳೆಂದು ಕಾದಿದ್ದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಿಮ್ಮಪ್ಪಗೂ ರಾತ್ರಿ ಹಿಂಗ ಆಗ್ತಿತ್ತು. ಎದ್ದು ಕಟ್ಟಿ ಮ್ಯಾಲೆ ಕುಂದ್ರತಿದ್ರು. ಗ್ಯಾಸ್ ಅಂತಿದ್ರು."