ಬೆಲೆಯನ್ನು ಏರಿಸುವ ಕೈ ಯಾರದು?

ಷೇರುಪೇಟೆಯ ಬೆಲೆಗಳನ್ನು ಏರಿಸಿ ಇಳಿಸುವವರಾರೆಂಬ ಪ್ರಶ್ನೆ ನಮ್ಮ ಮನೆಗಳಲ್ಲಿಯೂ ಏಳುವುದುಂಟು. ಕಂಪನಿಯ ಲಾಭವೇ ಬೆಲೆಗೆ ಕಾರಣವೆಂದು ನಾವು ನಂಬುತ್ತೇವೆ. ಬಹುಕಾಲದ ಲೆಕ್ಕಕ್ಕೆ ಅದು ಸರಿ. ಆದರೆ ಅಲ್ಪಕಾಲದಲ್ಲಿ ಬೆಲೆಯನ್ನು ನಡೆಸುವುದು ಪೇಟೆಗೆ ಹರಿದುಬರುವ ದೊಡ್ಡ ಹಣವೇ.

ನಮ್ಮ ತಲೆಮಾರಿನವರು ಇದನ್ನು ೧೯೯೨ರಲ್ಲಿ ಕಂಡೆವು. ಮುಂಬಯಿಯ ದಲ್ಲಾಳಿ ಹರ್ಷದ್ ಮೆಹ್ತಾ ಸರ್ಕಾರಿ ಸಾಲಪತ್ರಗಳ ವ್ಯವಹಾರದಲ್ಲಿ ಕೈಸೇರಿದ ಬ್ಯಾಂಕುಗಳ ಹಣವನ್ನು ಷೇರುಗಳಿಗೆ ಸುರಿದರು. ಎಸಿಸಿ ಸಿಮೆಂಟ್ ಕಂಪನಿಯ ಷೇರು ಕೆಲವು ನೂರು ರೂಪಾಯಿಗಳಿಂದ ೯,೦೦೦ದ ಸಮೀಪಕ್ಕೇರಿತು. ಕಾರ್ಖಾನೆಯ ಉತ್ಪಾದನೆಯೇನೂ ಅಷ್ಟು ಪಟ್ಟು ಹೆಚ್ಚಿರಲಿಲ್ಲ. ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ ಸೂಚ್ಯಂಕ ೪,೪೦೦ನ್ನು ದಾಟಿತು. ಅದೇ ತಿಂಗಳು ಹಗರಣ ಬಯಲಾಯಿತು, ಹಣದ ಹರಿವು ನಿಂತಿತು, ಬೆಲೆಗಳು ಕುಸಿದವು. ನೆರೆಹೊರೆಯವರ ಮಾತು ಕೇಳಿ ಕೊನೆಯಲ್ಲಿ ಕೊಂಡ ಗೃಹಸ್ಥರ ಕೈಯಲ್ಲಿ ಉಳಿದದ್ದು ಬೆಲೆಯಿಳಿದ ಕಾಗದ.

ಬೆಲೆ ಏರುತ್ತಿದೆ ಎಂಬುದೊಂದೇ ಕೊಳ್ಳಲು ಕಾರಣವಾಗಬಾರದು. ಅದರ ಹಿಂದೆ ಉದ್ಯಮದ ದುಡಿಮೆಯಿದೆಯೋ, ಅನ್ಯರ ಹಣದ ರಭಸವಿದೆಯೋ ಎಂದು ಮೊದಲು ವಿಚಾರಿಸೋಣ. ಕಾಯಕಕ್ಕೆ ಶುದ್ಧಿ ಬೇಕೆಂದು ಬಸವಾದಿ ಶರಣರು ಬಾಳಿ ತೋರಿಸಿದರು. ಮಕ್ಕಳ ವಿದ್ಯೆಗಾಗಿ, ಮನೆಯ ದಾಸೋಹಕ್ಕಾಗಿ ಕೂಡಿಟ್ಟ ಹಣ ಅಂತಹ ಕಾಯಕದ ಫಲ. ಅದನ್ನು ಕಾಣದ ಕೈಗಳ ಆಟಕ್ಕೆ ಒಡ್ಡದಿರುವುದು ಲೋಭವನ್ನು ಗೆಲ್ಲುವ ದಾರಿಯೂ ಹೌದು, ಸಂಸಾರವನ್ನು ಕಾಯುವ ವಿವೇಕವೂ ಹೌದು.