ಬಾಡಿಗೆಯ ಮನೆಯೂ ಶಾಸನವೂ

ನಮ್ಮ ಶಾಲೆಯಿಂದ ಹೊರಟು ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿ ಉದ್ಯೋಗಕ್ಕೆ ಸೇರಿರುವ ಹಳೆಯ ವಿದ್ಯಾರ್ಥಿನಿಯರ ಪತ್ರಗಳು ನಮಗೆ ಆಗಾಗ ಬರುತ್ತಿರುವುವು. ಕೆಲಸ ದೊರೆತ ಸಂತೋಷವು ಮೊದಲನೆಯ ಪುಟದಲ್ಲಿ, ಮನೆ ದೊರೆಯದ ವ್ಯಸನವು ಎರಡನೆಯದರಲ್ಲಿ. ನೀವು ಯಾವ ಜನ, ಊಟವೇನು, ಮದುವೆಯಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿತ್ತ ಮೇಲೆ, ನಿನ್ನೆ ಖಾಲಿಯಿದ್ದ ಮನೆಯು ಇಂದು ಬೇರೆಯವರಿಗೆ ಗೊತ್ತಾಗಿಬಿಟ್ಟಿರುವುದಂತೆ. ಇದಕ್ಕೆ ಕಾಯಿದೆಯಲ್ಲಿ ಪರಿಹಾರವಿಲ್ಲವೇ ಎಂಬುದು ಅವರ ಪ್ರಶ್ನೆ.

ಉಂಟು, ಆದರೆ ಎಲ್ಲರಿಗೂ ಇಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿದೆ. ಖಾಸಗಿಯವರ ಬಾಡಿಗೆಯ ಮನೆಯು ಆ ಪಟ್ಟಿಯಲ್ಲಿಲ್ಲ. ಕೊಳ್ಳುವವರ ಗತಿಯೂ ಅಷ್ಟೆ. ಅಹಮದಾಬಾದಿನ ಪಾರಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದರಲ್ಲಿ ಪಾರಸಿಗಳಿಗೆ ಮಾತ್ರ ಸದಸ್ಯತ್ವವೆಂದಿದ್ದ ಉಪವಿಧಿಯನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು.

ಇನ್ನು ಇರುವ ಪರಿಹಾರ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೆಯ ಪ್ರಕರಣದಂತೆ, ಯಾವ ಬಡಾವಣೆಯಲ್ಲೇ ಆಗಲಿ, ಮನೆಯನ್ನು ಕಟ್ಟುವುದಕ್ಕೂ ಪಡೆಯುವುದಕ್ಕೂ ಅದರಲ್ಲಿ ವಾಸಿಸುವುದಕ್ಕೂ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಮಾಡಿದವರಿಗೆ 1ರಿಂದ 6 ತಿಂಗಳ ಸೆರೆವಾಸವೂ ಜುಲ್ಮಾನೆಯೂ ಉಂಟು. ನೊಂದವರು ಪರಿಶಿಷ್ಟ ಜಾತಿಯವರಾದರೆ, ಅಸ್ಪೃಶ್ಯತೆಯೇ ಕಾರಣವೆಂದು ನ್ಯಾಯಾಲಯವು ಭಾವಿಸತಕ್ಕದ್ದು. ಅಲ್ಲವೆಂದು ಸಾಧಿಸುವ ಭಾರವು ಆಪಾದಿತರದು ಎಂದು 12ನೆಯ ಪ್ರಕರಣವು ಹೇಳುತ್ತದೆ. ಇದು ಬಹು ಬೆಲೆಯುಳ್ಳ ಮಾತು; ಏಕೆಂದರೆ ನಿಜವಾದ ಕಾರಣವನ್ನು ಯಾವ ಯಜಮಾನರೂ ಬಾಯಿಬಿಟ್ಟು ಹೇಳರು. ಆದರೆ 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತಳಾದವಳು ಪರಿಶಿಷ್ಟ ಜಾತಿಯಲ್ಲಿ ಎಣಿಸಲ್ಪಡುವುದಿಲ್ಲವಾದುದರಿಂದ, ನಮ್ಮ ಅನೇಕ ಹುಡುಗಿಯರಿಗೆ ಈ ಅನುಕೂಲವಿಲ್ಲ. ಅವರ ಹಳೆಯ ಜಾತಿಯನ್ನು ಕಾನೂನು ಮರೆತರೂ ಮನೆಯೊಡೆಯರು ಮರೆಯುವುದಿಲ್ಲ!

ಎಚ್‌.ಐ.ವಿ. ಸೋಂಕುಳ್ಳವರಿಗೆ 2017ರ ಶಾಸನವೂ ಲಿಂಗಪರಿವರ್ತಿತರಿಗೆ 2019ರ ಶಾಸನವೂ ಮನೆಯನ್ನು ಕೊಳ್ಳುವ, ಬಾಡಿಗೆಗೆ ಹಿಡಿಯುವ ವಿಷಯದಲ್ಲಿ ಸ್ಪಷ್ಟವಾಗಿ ರಕ್ಷಣೆಯನ್ನಿತ್ತಿವೆ. ಅವಿವಾಹಿತೆಯಾದ ಉಪಾಧ್ಯಾಯಿನಿಯ ಮಾತನ್ನಾಗಲಿ, ಮೀನುಸಾರಿನ ಮಾತನ್ನಾಗಲಿ ಇವುಗಳಲ್ಲಿ ಯಾವುದೂ ಎತ್ತಿಲ್ಲ.

ಅಮೆರಿಕಾ ದೇಶದವರು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗರು ಹತರಾದ ಒಂದು ವಾರದೊಳಗೆ, ವರ್ಣ ಮತಾದಿಗಳ ಕಾರಣದಿಂದ ಮನೆಯನ್ನು ನಿರಾಕರಿಸಕೂಡದೆಂಬ ಶಾಸನವನ್ನು ಮಾಡಿದರು. 1974ರಲ್ಲಿ ಸ್ತ್ರೀಪುರುಷಭೇದವನ್ನೂ 1988ರಲ್ಲಿ ಅಂಗವೈಕಲ್ಯವನ್ನೂ ಮಕ್ಕಳುಳ್ಳ ಸಂಸಾರಗಳನ್ನೂ ಅದಕ್ಕೆ ಸೇರಿಸಿದರು. ನಾಲ್ಕಕ್ಕೆ ಮೀರದ ವಸತಿಗಳುಳ್ಳ ಕಟ್ಟಡದಲ್ಲಿ ತಾನೂ ವಾಸಿಸುವ ಒಡೆಯನಿಗೆ ಆ ಶಾಸನವು ವಿನಾಯಿತಿ ಕೊಟ್ಟಿದೆ. ಆದರೆ ಇಂಥ ಜನರಿಗೆ ಮಾತ್ರ ಎಂಬ ಜಾಹೀರಾತನ್ನು ಪ್ರಕಟಿಸಲು ಅವನಿಗೂ ಅನುಮತಿಯಿಲ್ಲ. ಈ ಏರ್ಪಾಡು ನಮಗೆ ನ್ಯಾಯವಾಗಿ ತೋರುತ್ತದೆ. ನಮ್ಮ ಪೋಷಕರಲ್ಲಿ ಮಹಡಿಯನ್ನು ಬಾಡಿಗೆಗೆ ಕೊಡುವವರು ಹಲವರಿದ್ದಾರೆ. ಅವರ ಗೇಟುಗಳಲ್ಲಿ ತೂಗುವ ಹಲಗೆಗಳನ್ನು ನಾವು ಓದಿದ್ದೇವೆ.

ಬಾಡಿಗೆಯನ್ನೂ ನಡತೆಯನ್ನೂ ಹೊರತು ಬೇರೇನನ್ನೂ ವಿಚಾರಿಸೆವೆಂದು ಒಪ್ಪಿದ ಮನೆಗಳ ಪಟ್ಟಿಯೊಂದನ್ನು ಈ ವರ್ಷದಿಂದ ಶಾಲೆಯ ಕಛೇರಿಯಲ್ಲಿ ಇಟ್ಟಿರುತ್ತೇವೆ. ಈವರೆಗೆ 11 ಮನೆಗಳು ಸೇರಿವೆ. ಬೆಂಗಳೂರಿನವು 2 ಮಾತ್ರ.