ಸಾಲಿಗ್ರಾಮ ಯಾತ್ರೆಯೂ ಮನೆಗಾಡಿಯ ಬೀಗವೂ

ಯಾತ್ರೆಗೆ ಹೊರಡುವವರು ಮನೆಗೆ ಬೀಗ ಹಾಕಿ ಹೊರಡುವುದು ವಾಡಿಕೆ. ಮನೆಯನ್ನೇ ಜೊತೆಯಲ್ಲಿ ಕೊಂಡು ಹೊರಟವರು ಬೀಗವನ್ನು ಹೇಗೆ ಹಾಕಬೇಕು? ಈ ಪ್ರಶ್ನೆ ಹಾಸ್ಯದಂತೆ ತೋರಬಹುದು. ಕಳೆದ ಬೇಸಗೆಯಲ್ಲಿ ಸಾಲಿಗ್ರಾಮಕ್ಕೆ ಹೋಗಿ ಬಂದ ಮೇಲೆ ನಮಗೆ ಅದು ಹಾಸ್ಯವಾಗಿ ಉಳಿದಿಲ್ಲ. ನಮಗಾದ ಅನುಭವದಿಂದ ಇತರ ಗೃಹಸ್ಥರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮಾತೃಶ್ರೀಯವರಿಗೆ ಎಪ್ಪತ್ತೆಂಟು ವರ್ಷ. ಶ್ರೀಪಾದತೀರ್ಥವನ್ನು ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಮಂಡಿನೋವಿನ ದೆಸೆಯಿಂದ ದೂರದ ಪ್ರಯಾಣ ಅವರಿಗೆ ಆಗದು. ಆದುದರಿಂದ ಈಚೆಗೆ ಬಳಕೆಗೆ ಬಂದಿರುವ ಕ್ಯಾಂಪರ್‌ವ್ಯಾನ್ ಎಂಬ ಮನೆಗಾಡಿಯೊಂದನ್ನು ಬಾಡಿಗೆಗೆ ತಂದೆವು. ಮಲಗಲು ಮಂಚ, ಪುಟ್ಟ ಒಲೆ, ನೀರಿನ ತೊಟ್ಟಿ, ದೀಪ ಇಷ್ಟೂ ಅದರೊಳಗೆ ಅಡಕವಾಗಿದ್ದುವು. ನಮ್ಮ ಹಿರಿಯರು ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆಗ ಗಾಡಿಯ ಕೆಳಗೆ ನಾಯಿ ಮಲಗುತ್ತಿತ್ತು. ಈಗ ಅದರ ಕೆಲಸವನ್ನು ಅಲಾರಂ ಮಾಡುತ್ತದೆ. ನಾಯಿಗೆ ಮನೆಯವರ ಗುರುತು ಉಂಟು, ಅಲಾರಮಿಗೆ ಇಲ್ಲ. ಇದೊಂದು ಮಾತನ್ನು ನಾವು ಮೊದಲೇ ಯೋಚಿಸಿರಲಿಲ್ಲ.

ಮೈಸೂರನ್ನು ಬಿಟ್ಟು ಇಲವಾಲ, ಬಿಳಿಕೆರೆಗಳ ಮೇಲೆ ಕೃಷ್ಣರಾಜನಗರವನ್ನು ಸೇರಿದೆವು. ಹಳೆಯ ಎಡತೊರೆಯಲ್ಲಿ ಕಾವೇರಿಯ ದಡದ ಅರ್ಕೇಶ್ವರನ ದರ್ಶನ ಮಾಡಿಕೊಂಡು, ಗದ್ದೆ ಬಯಲುಗಳ ನಡುವೆ ಸಾಗಿ, ದೀಪ ಹಚ್ಚುವ ಹೊತ್ತಿಗೆ ಸಾಲಿಗ್ರಾಮವನ್ನು ಮುಟ್ಟಿದೆವು. ಹಿಂದೆ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದ ಈ ಊರು ಈಚೆಗೆ ತಾನೇ ತಾಲ್ಲೂಕಿನ ಕೇಂದ್ರವಾಗಿದೆ. ಯೋಗಾನರಸಿಂಹನ ಗುಡಿಯೂ ಜೈನ ಬಸದಿಗಳೂ ಒಂದೇ ಊರಿನಲ್ಲಿ ನೆಲೆಸಿರುವುದು ಇಲ್ಲಿಯ ವಿಶೇಷ.

ಹನ್ನೆರಡನೆಯ ಶತಮಾನದಲ್ಲಿ ಚೋಳದೇಶವನ್ನು ಬಿಟ್ಟು ಬಂದ ಶ್ರೀರಾಮಾನುಜಾಚಾರ್ಯರು ತೊಂಡನೂರು, ಮೇಲುಕೋಟೆಗಳಿಗೆ ಹೋಗುವ ಮೊದಲು ಇಲ್ಲಿ ತಂಗಿದ್ದರೆಂದು ಪರಂಪರೆ ಹೇಳುತ್ತದೆ. ಅವರ ಶಿಷ್ಯರಾದ ಮೊದಲಿಯಾಂಡಾನರು ಆಚಾರ್ಯರ ಅಪ್ಪಣೆಯಂತೆ ಊರವರು ನೀರು ತರುವ ಕೊಳದಲ್ಲಿ ಪಾದವನ್ನಿಟ್ಟರಂತೆ. ಆ ನೀರನ್ನು ಕುಡಿದವರೆಲ್ಲ ಭಕ್ತರಾದರಂತೆ. ಅದೇ ಶ್ರೀಪಾದತೀರ್ಥ. ವಡುಗನಂಬಿಯೆಂದು ಹೆಸರಾದ ಆಂಧ್ರಪೂರ್ಣರೂ ಈ ಊರಿನವರೇ. ಶ್ರೀರಂಗದಲ್ಲಿ ರಂಗನಾಥನ ಉತ್ಸವ ಬರುತ್ತಿದೆ, ಬಂದು ನೋಡೆಂದು ಗುರುಗಳು ಕರೆದಾಗ, ತಾವು ಗುರುಗಳಿಗಾಗಿ ಹಾಲು ಕಾಯಿಸುತ್ತಿರುವುದಾಗಿಯೂ, ಬಿಟ್ಟು ಬಂದರೆ ಅದು ಉಕ್ಕಿಹೋದೀತೆಂದೂ ಅವರು ಹೇಳಿದರೆಂದು ಕಥೆ. ಈ ಕಥೆಯನ್ನು ನಾವು ಮಕ್ಕಳಿಗೆ ಆ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆವು. ಅದು ನಮ್ಮ ಪಾಲಿಗೇ ಪಾಠವಾಗುವುದೆಂದು ಆಗ ತಿಳಿದಿರಲಿಲ್ಲ.

ಒಬ್ಬ ಗೃಹಸ್ಥರು ತಮ್ಮ ಮನೆಯ ಪಕ್ಕದ ಬಯಲಿನಲ್ಲಿ ಗಾಡಿಯನ್ನು ನಿಲ್ಲಿಸಿಕೊಳ್ಳಲು ಒಪ್ಪಿದರು. ಒಳಗೆ ಮಲಗಿ, ರಿಮೋಟು ಬೀಗದಕೈಯ ಗುಂಡಿಯನ್ನು ಒತ್ತಿ, ನಿಶ್ಚಿಂತರಾಗಿ ನಿದ್ರೆಹೋದೆವು. ನಡುರಾತ್ರಿಯಲ್ಲಿ ಮಾತೃಶ್ರೀಯವರು ನೀರು ಕುಡಿಯಲೆಂದು ಎದ್ದು ಎರಡು ಹೆಜ್ಜೆ ಇಟ್ಟರೋ ಇಲ್ಲವೋ, ಗಾಡಿ ಕಿರಿಚಿಕೊಂಡಿತು. ದೀಪಗಳು ಮಿಣಮಿಣನೆ ಹತ್ತಿ ಆರಿದುವು. ಬೀದಿಯ ನಾಯಿಗಳೆಲ್ಲ ದನಿಗೂಡಿಸಿದುವು. ಮನೆಮನೆಯ ಬಾಗಿಲೂ ತೆರೆಯಿತು. “ಯಾಕೆ ಸ್ವಾಮಿ, ಕಳ್ಳರು ಬಂದರೆ?” ಎಂದು ಬ್ಯಾಟರಿ ಹಿಡಿದು ಬಂದವರಿಗೆ ಏನು ಹೇಳುವುದು? “ಪುಣ್ಯಕ್ಷೇತ್ರಕ್ಕೆ ಬಂದು ಊರಿನವರ ನಿದ್ದೆ ಕೆಡಿಸಿದೆವಲ್ಲೋ” ಎಂದು ಮಾತೃಶ್ರೀಯವರು ನೊಂದುಕೊಂಡರು.

ಗಾಡಿಯೊಳಗಿನ ಚಲನೆಯನ್ನು ಅರಿಯುವ ಸೆನ್ಸರನ್ನು ಆರಿಸಲು ಬೇರೆ ಗುಂಡಿಯಿದ್ದಿತು. ಅದನ್ನು ಹುಡುಕಿ ಒತ್ತಿ ಬೆಳಗು ಮಾಡಿದೆವು.

ನಾಚಿಕೆಯಾದವನು ಶಬ್ದಕ್ಕೆ ಅಂಜುತ್ತಾನೆ; ಅಂಜಿದವನು ತಪ್ಪುತ್ತಾನೆ. ಬೆಳಗ್ಗೆ ನಾವು ಮಕ್ಕಳೊಡನೆ ಗುಡಿಗೆ ಹೊರಟಾಗ ಮಾತೃಶ್ರೀಯವರು ರಾತ್ರಿಯ ಆಯಾಸದಿಂದ ಮಲಗಿದ್ದರು. ಮಡಿಯ ನೀರು, ಪೂಜೆಯ ಹೊತ್ತು ಎಲ್ಲವನ್ನೂ ವಿಚಾರಿಸಿಕೊಂಡು ಬಂದು ಅವರನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಮತ್ತೆ ಕೂಗೀತೆಂದು ಒಳಗಿನ ಸೆನ್ಸರನ್ನು ಪುನಃ ಆರಿಸಿದೆವು. ಕೋತಿಗಳ ಭಯಕ್ಕೆ ಕಿಟಕಿಗಳನ್ನೂ ಛಾವಣಿಯ ಗವಾಕ್ಷವನ್ನೂ ಮುಚ್ಚಿದೆವು. ಬೀಗ ಭದ್ರವಾಗಲೆಂದು ಹೊರಗಿನಿಂದ ರಿಮೋಟಿನ ಗುಂಡಿಯನ್ನು ಎರಡು ಸಲ ಒತ್ತಿದೆವು. ಗುಡಿಯ ಬಾಗಿಲಲ್ಲಿ ಮೊಬೈಲುಗಳ ಸದ್ದನ್ನೂ ಅಡಗಿಸಿದೆವು.

ಗುಡಿಯ ಪ್ರಾಕಾರದಲ್ಲಿರುವಾಗ ಆ ಗೃಹಸ್ಥರ ಮನೆಯ ಹುಡುಗನು ಏದುಸಿರು ಬಿಡುತ್ತ ಓಡಿಬಂದನು. “ಅಜ್ಜಿ ಒಳಗಿನಿಂದ ಬಡೀತಿದಾರೆ, ಬಾಗಿಲು ಬರ್ತಾ ಇಲ್ಲ!” ಎಂದನು. ನಾವು ಓಡಿಹೋಗಿ ಬಾಗಿಲು ತೆರೆದಾಗ ಕಂಡುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಬಿಸಿಲೇರಿ ಗಾಡಿಯ ಒಳಗೆ ಒಲೆಯ ಕಾವು. ಮಾತೃಶ್ರೀಯವರು ಬೆವರಿನಲ್ಲಿ ನೆನೆದು, ಮುಖ ಕೆಂಪೇರಿ, ಚೊಂಬನ್ನು ಹಿಡಿದು ತಗಡಿನ ಗೋಡೆಗೆ ಒರಗಿದ್ದರು. ನೆರಳಿಗೆ ತಂದು, ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸಿ, ಸ್ವಲ್ಪಸ್ವಲ್ಪವಾಗಿ ನೀರು ಕುಡಿಸಿದ ಮೇಲೆ ಮಾತು ಬಂದಿತು. ಊರಿನ ವೈದ್ಯರು ಬಂದು ನೋಡಿ ಗಾಬರಿಯಿಲ್ಲವೆಂದರು. ಅವರು ನಮ್ಮನ್ನು ಏಳು ಸಲ ಫೋನಿನಲ್ಲಿ ಕರೆದಿದ್ದರು. ಮೌನವಾಗಿದ್ದ ಮೊಬೈಲುಗಳು ನಮ್ಮ ಜೇಬಿನಲ್ಲಿದ್ದುವು.

ಆ ಮಧ್ಯಾಹ್ನ ಗಾಡಿಯ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆವು. ಹೊರಡುವ ಮುನ್ನ ಓದಬೇಕಾಗಿದ್ದುದು ಅದು. ತಪ್ಪು ಗಾಡಿಯದಲ್ಲ, ನಮ್ಮದೇ ಎಂದು ತಿಳಿಯಿತು. ಕೆಲವು ಗಾಡಿಗಳಲ್ಲಿ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ಡೆಡ್‌ಲಾಕ್ ಬೀಳುತ್ತದೆ. ಆಗ ಒಳಗಿನ ಹಿಡಿಯೂ ಬಾಗಿಲನ್ನು ತೆರೆಯದು. ಕಳ್ಳನು ಗಾಜನ್ನು ಒಡೆದು ಕೈಹಾಕಿದರೂ ಬಾಗಿಲು ಬರಬಾರದೆಂಬುದೇ ಅದರ ಉದ್ದೇಶ. ಕಳ್ಳನಿಗೆ ಒಡ್ಡಿದ ಬಲೆಯಲ್ಲಿ ಮನೆಯವರು ಸಿಕ್ಕಿದರೆ ಬೆಂಕಿಯ ಅಥವಾ ಬಿಸಿಲಿನ ಹೊತ್ತಿನಲ್ಲಿ ಪ್ರಾಣಕ್ಕೇ ಅಪಾಯ. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖವು ಸುಮಾರು 10 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಬಲ್ಲುದು.

ಅಲಾರಮಿನ ಕಾವಲು ಒಂದೇ ಬಗೆಯದಲ್ಲ. ಬಾಗಿಲು ಮತ್ತು ಮುಂಗಡೆಯ ಬಾನೆಟ್ಟು ತೆರೆದರೆ ಕೂಗುವುದು ಹೊರಗಾವಲು. ಒಳಗೆ ಯಾರಾದರೂ ಅಲುಗಿದರೆ ಕೂಗುವುದು ಒಳಗಾವಲು. ಗಾಡಿಯನ್ನು ಎತ್ತಿ ಸಾಗಿಸಿದರೆ ವಾಲಿಕೆಯನ್ನು ಅರಿತು ಕೂಗುವುದು ಮೂರನೆಯದು. ಒಳಗಿನ ಸೆನ್ಸರು ಬಹುಮಟ್ಟಿಗೆ ಸೆಕೆಂಡಿಗೆ ಸುಮಾರು 40,000 ಕಂಪನಗಳ, ನಮ್ಮ ಕಿವಿಗೆ ಕೇಳಿಸದ ಶಬ್ದದಿಂದ ಕೆಲಸ ಮಾಡುತ್ತದೆ. ತೆರೆದ ಕಿಟಕಿಯ ಗಾಳಿಗೆ ಪರದೆ ಆಡಿದರೂ, ಒಂದು ನೊಣ ಹಾರಿದರೂ ಅದು ಎಚ್ಚರಗೊಳ್ಳಬಹುದು. ಮಲಗುವಾಗ ಒಳಗಾವಲನ್ನೂ ವಾಲಿಕೆಯ ಕಾವಲನ್ನೂ ಆರಿಸಿ, ಹೊರಗಾವಲನ್ನು ಮಾತ್ರ ಉಳಿಸಿಕೊಳ್ಳಬೇಕು. ಅನೇಕ ಗಾಡಿಗಳಲ್ಲಿ ಈ ಏರ್ಪಾಡು ಒಂದು ಸಲಕ್ಕೆ ಮಾತ್ರ. ಬೀಗ ತೆಗೆದು ಪುನಃ ಹಾಕಿದರೆ ಎಲ್ಲ ಕಾವಲುಗಳೂ ಮರಳಿ ಬರುತ್ತವೆ. ಆದುದರಿಂದ ಪ್ರತಿರಾತ್ರಿಯೂ ಅದನ್ನು ಮಾಡಬೇಕಾಗುವುದು.

ಗೃಹಸ್ಥರು ನೆನಪಿಡಬೇಕಾದ ಇನ್ನೂ ಕೆಲವು ಸಂಗತಿಗಳುಂಟು. ರಿಮೋಟಿನಿಂದ ಬೀಗ ತೆಗೆದು ಬಾಗಿಲು ತೆರೆಯದೆ ಬಿಟ್ಟರೆ ಕೆಲವು ಗಾಡಿಗಳು ತುಸು ಹೊತ್ತಿನಲ್ಲಿ ತಾವೇ ಬೀಗ ಹಾಕಿಕೊಳ್ಳುತ್ತವೆ. ಆದ್ದರಿಂದ ಬೀಗದಕೈಯನ್ನು ಒಳಗಿಟ್ಟು ಇಳಿಯಲಾಗದು. ಎರಡನೆಯದೊಂದು ಮತ್ತೊಬ್ಬರ ಬಳಿ ಇರಬೇಕು. ರಿಮೋಟಿನ ಪುಟ್ಟ ಬ್ಯಾಟರಿ ಸತ್ತರೆ ಅದರೊಳಗೆ ಅಡಗಿರುವ ಲೋಹದ ಕೈಯಿಂದ ಬಾಗಿಲು ತೆರೆಯಬಹುದು. ಅದನ್ನು ಹೊರತೆಗೆಯುವ ಬಗೆಯನ್ನು ಮನೆಯಲ್ಲೇ ಕಲಿತಿರಬೇಕು. ಮನೆಗಾಡಿಯಾಗಿ ಮಾರ್ಪಡಿಸುವಾಗ ಹೊಸದಾಗಿ ಇಟ್ಟ ಬಾಗಿಲು ಹಲವು ವೇಳೆ ಮುಖ್ಯ ಬೀಗಕ್ಕೆ ಸೇರಿರುವುದಿಲ್ಲ. ಅದನ್ನು ಬೇರೆಯಾಗಿ ಎಳೆದು ನೋಡಬೇಕು. ಎಲ್ಲಕ್ಕೂ ಮಿಗಿಲಾಗಿ, ಒಳಗೆ ಯಾರೇ ಇರಲಿ, ಹೊರಗಿನಿಂದ ಬೀಗ ಹಾಕಬಾರದು. ಮುದುಕರಿಗೂ ಮಕ್ಕಳಿಗೂ ಒಳಗಿನಿಂದ ಬಾಗಿಲು ತೆರೆಯುವುದನ್ನೂ ಹಾರನ್ನು ಒತ್ತುವುದನ್ನೂ ಕಲಿಸಿಯೇ ಪ್ರಯಾಣ ಹೊರಡಬೇಕು.

ಸಂಜೆ ತಂಪಾದ ಮೇಲೆ ಮಾತೃಶ್ರೀಯವರು ಶ್ರೀಪಾದತೀರ್ಥದ ದರ್ಶನ ಮಾಡಿ ಕಣ್ಣಿಗೊತ್ತಿಕೊಂಡರು. ಮರುದಿನ ಚುಂಚನಕಟ್ಟೆಗೆ ಹೋದೆವು. ಅಲ್ಲಿ ಕಾವೇರಿಯು ಬಂಡೆಗಳ ಮೇಲಿಂದ ಭೋರ್ಗರೆದು ಧುಮುಕುವಳು. ಕೋದಂಡರಾಮನ ಗುಡಿಯ ಪ್ರಾಕಾರದಲ್ಲಿ ಆ ಮೊರೆತ ಕೇಳಿಸುವುದು, ಗರ್ಭಗುಡಿಯಲ್ಲಿ ಮಾತ್ರ ಕೇಳಿಸದೆಂದು ಪ್ರತೀತಿ. ರಾಮನ ಬಲಗಡೆಯಲ್ಲಿ ನಿಂತಿರುವ ಸೀತೆಯನ್ನು ನೋಡುತ್ತ ಮಾತೃಶ್ರೀಯವರು, “ಹೊರಗೆ ಎಚ್ಚರ, ಒಳಗೆ ಶಾಂತಿ. ನಿಮ್ಮ ಗಾಡಿಯೂ ಹೀಗೇ ಇರಬೇಕಪ್ಪಾ” ಎಂದು ನಕ್ಕರು. ಕೈಪಿಡಿಯ ಹಲವು ಪುಟಗಳು ಹೇಳಿದುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ವಡುಗನಂಬಿಯವರು ಒಲೆಯ ಮೇಲಿನ ಹಾಲನ್ನು ಬಿಟ್ಟು ದೇವರ ಉತ್ಸವಕ್ಕೂ ಹೋಗಲಿಲ್ಲ. ನಾವು ಕಾಯಬೇಕಾದವರನ್ನು ಬೀಗಕ್ಕೆ ಒಪ್ಪಿಸಿ ದೇವರ ದರ್ಶನಕ್ಕೆ ಹೋಗಿದ್ದೆವು. ಆ ರಾತ್ರಿಯಿಂದ ಪ್ರಯಾಣ ಮುಗಿಯುವವರೆಗೂ ಬಾಗಿಲನ್ನು ತೆರೆದು ಮುಚ್ಚಿ ನೋಡಿ, ಒಳಗಿನಿಂದ ಬೀಗ ಹಾಕಿ, ಬೀಗದಕೈಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದವರು ಮಾತೃಶ್ರೀಯವರೇ.